ಹಾಡಿಗೆ ಅಪ್ಪ ಇದ್ದಾನೆ, ಹೆಸರು ಹೇಳಿ ಹಾಡಿ



ಕಳೆದ ಏಪ್ರಿಲ್‌ನಲ್ಲಿ ನಮ್ಮ ಆಫೀಸಲ್ಲಿ ಅಂಬೇಡ್ಕರ್ ಜಯಂತಿ ಮಾಡಿದ್ರು. ಫೋಟೋಗೆ ಹಾರ ಹಾಕಿ, ಸಿಹಿ ಹಂಚಿ, "ನೀವು ಹಾಡ್ತೀರಲ್ಲ, ಒಂದು ಹಾಡಿ" ಅಂದ್ರು. 47ರಲ್ಲಿ ಬಂದ ಸ್ವಾತಂತ್ರ್ಯ ಯಾರ ಮನೆ ಸೇರಿತು ಅಂತ ಕೇಳುತ್ತಲ್ಲ, ಆ ಹಾಡು ಎತ್ಕೊಂಡೆ. ಎರಡನೇ ಚರಣಕ್ಕೆ ಸಾಹೇಬರು ಕೈ ಎತ್ತಿದ್ರು. "ಸಾಕು ಸಾಕು, ಯಾವುದಾದ್ರೂ ಒಳ್ಳೆ ಜಾನಪದ ಗೀತೆ ಹೇಳ್ರಿ."

ಅದು ನನಗೆ ಹೊಸದಲ್ಲ. ಆಮೇಲೆ ಟೀ ಕುಡಿಯುವಾಗ ಹೊಸದಾಗಿ ಸೇರಿದ ನಮ್ಮ ಹುಡುಗನೇ ಒಬ್ಬ ಬಂದು ಕೇಳಿದ: "ಅಣ್ಣ, ಅದೂ ಜಾನಪದ ತಾನೆ? ಬರೆದೋರು ಯಾರೂ ಇಲ್ವಲ್ಲ?" ಸಾಹೇಬರ ಮಾತಿಗಿಂತ ಈ ಮಾತು ನನ್ನನ್ನು ಹೆಚ್ಚು ಚುಚ್ಚಿತು. ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದ್ದೀನಿ.

ಬರೆದವರು ಇದ್ದಾರಪ್ಪ. ಡಾ. ಸಿದ್ದಲಿಂಗಯ್ಯ. ಹುಟ್ಟಿದ್ದು 1954ರಲ್ಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಅವರ ಆತ್ಮಕಥೆ 'ಊರುಕೇರಿ' ಓದಿದವರು ಒಂದು ಚಿತ್ರವನ್ನು ಸಾಯೋವರೆಗೂ ಮರೆಯಲ್ಲ. ನೊಗಕ್ಕೆ ಎತ್ತುಗಳ ಬದಲು ಇಬ್ಬರು ಮನುಷ್ಯರು ಹೆಗಲು ಕೊಟ್ಟಿರ್ತಾರೆ. ಅವರಲ್ಲಿ ಒಬ್ಬರು ಅವರ ಅಪ್ಪ. ಆಮೇಲೆ ಕುಟುಂಬ ಬೆಂಗಳೂರಿಗೆ ಬಂತು, ಹುಡುಗ ಹಾಸ್ಟೆಲಿನಲ್ಲಿ ಓದಿದ.

ಈ ಕಥೆಗೆ ನಮ್ಮ ಮೈಸೂರಿನ ನಂಟೂ ಇದೆ. 1973ರ ನವೆಂಬರ್‌ನಲ್ಲಿ, ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು ಇದೇ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದ್ರು. ಊರೂರು ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಅವರ ಪರ ನಿಂತ ವಿದ್ಯಾರ್ಥಿಗಳಲ್ಲಿ ಸಿದ್ದಲಿಂಗಯ್ಯನೂ ಒಬ್ಬರು. ಆ ಗಾಯದಿಂದಲೇ ದಲಿತ ಚಳವಳಿ ಮೈ ಕೊಡವಿ ಎದ್ದಿತು. ಬಿ. ಕೃಷ್ಣಪ್ಪ, ದೇವನೂರ ಮಹಾದೇವ ಮುಂತಾದವರು ದಲಿತ ಸಂಘರ್ಷ ಸಮಿತಿ ಕಟ್ಟಿದರು. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂತು. ಆಗ ಸಿದ್ದಲಿಂಗಯ್ಯನವರಿಗೆ ಇಪ್ಪತ್ತೊಂದು ವರ್ಷ. ಬೈಗುಳವಾಗಿ ಬಳಸುತ್ತಿದ್ದ ಹೆಸರನ್ನೇ ಪುಸ್ತಕದ ರಟ್ಟಿನ ಮೇಲೆ ಅಚ್ಚು ಹಾಕಿಸಿದ ವಯಸ್ಸು ಅದು!

ಈಗ ಯೋಚನೆ ಮಾಡಿ. ಕೇರಿಯಲ್ಲಿ ಪುಸ್ತಕ ಕೊಂಡವರೆಷ್ಟು, ಓದಬಲ್ಲವರೆಷ್ಟು? ಆ ಹಾಡುಗಳು ಹೋಗಿದ್ದು ಬಾಯಿಂದ ಬಾಯಿಗೆ. ನಮ್ಮ ಮೈಸೂರಿನ ಜನ್ನಿಯಂಥ ಹಾಡುಗಾರರು, ಹೆಸರೇ ದಾಖಲಾಗದ ಎಷ್ಟೋ ಕಾರ್ಯಕರ್ತರು, ಕೈಯಲ್ಲಿ ತಮಟೆ ಹಿಡಿದು ಊರೂರು ಹಾಡಿದರು.

ಹಾಡುಗಳ ಕಟ್ಟೂ ಅದಕ್ಕೆ ತಕ್ಕಂತೇ ಇದೆ. ಚಿಕ್ಕ ಸಾಲು, ಮರಳಿ ಮರಳಿ ಬರೋ ಮಾತು, ಕೇರಿಯ ನುಡಿ. ಒಬ್ಬರು ಎತ್ತಿಕೊಟ್ಟರೆ ಸಾಕು, ಅಕ್ಷರ ಬಾರದ ಅವ್ವನೂ ಎರಡನೇ ಸಲಕ್ಕೆ ದನಿಗೂಡಿಸ್ತಾಳೆ. ನಮ್ಮ ಕಡೆಯ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಹಾಡುವಾಗ ಹಿಮ್ಮೇಳದವರು ಸೊಲ್ಲು ಹಿಡಿಯೋದು ನೋಡಿದ್ದೀರಲ್ಲ, ಆ ರೂಢಿ ನಮ್ಮ ಜನರಲ್ಲಿ ಮೊದಲೇ ಇತ್ತು. ನಾನು ಈ ಹಾಡುಗಳನ್ನು ಕಲಿತಿದ್ದೂ ಹಾಗೇ, ಅಶೋಕಪುರಂನಲ್ಲಿ, ದೊಡ್ಡವರ ಹಿಂದೆ ನಿಂತು. ಪುಸ್ತಕ ಕೈಗೆ ಬಂದಿದ್ದು ಬಿ.ಎ. ಓದುವಾಗ.

ಹಾಡು ಅಷ್ಟು ದೂರ ಹೋಗಿದ್ದಕ್ಕೇ ಬರೆದವನ ಹೆಸರು ಹಿಂದೆ ಉಳೀತು. ಜನ ತಮ್ಮದು ಅಂದುಕೊಂಡು ಹಾಡಿದ್ರೆ ಕವಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಆದರೆ ಸಾಹೇಬರಂಥವರ ಬಾಯಲ್ಲಿ 'ಜಾನಪದ' ಅಂದ್ರೆ ಬೇರೆ ಅರ್ಥ. ಯಾರೂ ಬರೆದಿಲ್ಲ, ಯಾರನ್ನೂ ಬೈಯಲ್ಲ, ಯಾವ ಕಾಲದ್ದೋ ಏನೋ. ತಮಾಷೆ ಏನಂದ್ರೆ, ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವರು ಸಿದ್ದಲಿಂಗಯ್ಯ. ಜಾನಪದ ಅಂದ್ರೆ ಏನು ಅಂತ ಅವರಿಗೇ ಪಾಠ ಹೇಳಬೇಕಾ?

ಅಮೆರಿಕದಲ್ಲೂ ಇದೇ ಆಗಿದೆ. ವುಡಿ ಗತ್ರಿ ಅಂತ ಒಬ್ಬ ಹಳ್ಳಿಗಾಡಿನ ಹಾಡುಗಾರ, ಓಕ್ಲಹೋಮಾದವನು. 1940ರಲ್ಲಿ ಅವನೊಂದು ಹಾಡು ಬರೆದ, ಈ ನೆಲ ನಿನ್ನದೂ ಹೌದು ನನ್ನದೂ ಹೌದು ಅನ್ನೋ ಅರ್ಥದ್ದು. ಮುಂದೆ ಶಾಲೆ ಮಕ್ಕಳೆಲ್ಲ ಹಾಡೋ ದೇಶಭಕ್ತಿ ಗೀತೆ ಆಯ್ತು. ಆದರೆ ಖಾಸಗಿ ಆಸ್ತಿಯ ಬೇಲಿ ಬಗ್ಗೆ, ಸರ್ಕಾರಿ ನೆರವಿಗೆ ಹಸಿದು ಸಾಲಲ್ಲಿ ನಿಂತವರ ಬಗ್ಗೆ ಅವನು ಬರೆದ ಚರಣಗಳನ್ನು ಮಕ್ಕಳಿಗೆ ಸಾಮಾನ್ಯವಾಗಿ ಕಲಿಸಲೇ ಇಲ್ಲ. ಮುಳ್ಳು ಕಿತ್ತು ಹೂವನ್ನಷ್ಟೇ ಮುಡಿದುಕೊಂಡರು.

ಇನ್ನು ನಮ್ಮೊಳಗಿನ ಜಗಳ. "ಸಿದ್ದಲಿಂಗಯ್ಯ ಕೊನೆಗೆ ಅಧಿಕಾರದ ಹತ್ತಿರ ಹೋದ್ರಲ್ಲ" ಅಂತ ನಮ್ಮವರೇ ಅಂತಾರೆ. ಹೌದು, 1988ರಲ್ಲಿ ವಿಧಾನ ಪರಿಷತ್ ಸೇರಿದರು, ಎರಡು ಅವಧಿ ಇದ್ದರು. 1993ರ 'ಬಾ ನಲ್ಲೆ ಮಧುಚಂದ್ರಕೆ' ಸಿನಿಮಾಕ್ಕೆ ಬೆಟ್ಟ, ಬೆಳದಿಂಗಳ ಪ್ರೇಮಗೀತೆ ಬರೆದರು. 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ನಾನೂ ಒಂದು ಕಾಲದಲ್ಲಿ ಈ ಬಗ್ಗೆ ಗೊಣಗಿದವನೇ. ಈಗ ಅನ್ನಿಸೋದು ಇಷ್ಟು: ಅವರ ರಾಜಕೀಯವನ್ನು ಧಾರಾಳವಾಗಿ ಟೀಕೆ ಮಾಡೋಣ, ಅವರೇನು ದೇವರಲ್ಲ. ಆದರೆ ಪ್ರೇಮಗೀತೆ ಬರೆದಿದ್ದು ತಪ್ಪಾ? ಕೇರಿಯವನಿಗೆ ಬೆಳದಿಂಗಳು ಬೀಳಲ್ವಾ? ಟೀಕೆಯ ನೆಪದಲ್ಲಿ ನಾವೇ ಅವರ ಹೆಸರು ಬಿಟ್ಟರೆ ಸಾಹೇಬರ ಕೆಲಸ ಸಲೀಸಾಗುತ್ತೆ.

2021ರ ಜೂನ್ 11ರಂದು ಕೋವಿಡ್ ಅವರನ್ನು ಕರೆದೊಯ್ದಿತು. ಲಾಕ್‌ಡೌನ್ ಇತ್ತು. ಸಾವಿರಾರು ಜನರ ಬಾಯಿಗೆ ಹಾಡು ಕೊಟ್ಟವರಿಗೆ ನಾವು ಸೇರಿ ಹಾಡೋಕೂ ಆಗಲಿಲ್ಲ. ನಾನು ಮನೆ ಮಹಡಿ ಮೇಲೆ ಒಬ್ಬನೇ ಹಾಡಿಕೊಂಡೆ, ಗಂಟಲು ಕಟ್ಟಿತು. ಮುಂದಿನ ವರ್ಷ ಪದ್ಮಶ್ರೀ ಬಂತು, ಮರಣೋತ್ತರವಾಗಿ.

ಬಂಧುಗಳೇ, ನನ್ನ ಬೇಡಿಕೆ ದೊಡ್ಡದೇನಲ್ಲ. ಪುರಭವನದ ಮುಂದೆ ಧರಣಿ ಕೂತಾಗ, ಹಾಸ್ಟೆಲಿನಲ್ಲಿ, ಆಫೀಸಿನಲ್ಲಿ, ಈ ಹಾಡು ಎತ್ತಿಕೊಳ್ಳುವ ಮುಂಚೆ "ಇದು ಸಿದ್ದಲಿಂಗಯ್ಯನವರ ಹಾಡು" ಅಂತ ಒಂದು ಮಾತು ಹೇಳಿ. ಎಲ್ಲ ಚರಣ ಹಾಡಿ. ಬೇರೆ ಯಾರ ಹೋರಾಟದ ಹಾಡು ಹಾಡಿದರೂ ಹೀಗೇ ಮಾಡಿ.

ಆ ಹುಡುಗ ಈಗ ಪೂರ್ತಿ ಹಾಡು ಕಲಿತಿದ್ದಾನೆ. ಮುಂದಿನ ಏಪ್ರಿಲ್‌ಗೆ ಇಬ್ಬರೂ ಸೇರಿ ಹಾಡ್ತೀವಿ. ಸಾಹೇಬರು ಕೈ ಎತ್ತಲಿ, ನೋಡೋಣ.

ಜೈ ಭೀಮ್.