ಬಾಡಿಗೆ ಕೋಣೆಯಲ್ಲಿ ಹುಟ್ಟಿದ ಸಂಘ

ಈ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಪೇಟೆಯ ಕಾಲೇಜಿಗೆ ಸೇರಿದವರು ನಾವು ಐವರು. ಎರಡನೆಯ ವರ್ಷಕ್ಕೆ ಉಳಿದದ್ದು ಇಬ್ಬರೇ. ಮಿಕ್ಕ ಮೂವರು ದಡ್ಡರೇನಲ್ಲ. ಜಾತಿ ಕೇಳಿದ ಮೇಲೆ ಅವರಿಗೆ ಯಾರೂ ಬಾಡಿಗೆಗೆ ಕೋಣೆ ಕೊಡಲಿಲ್ಲ. ಮುಂದೆ ಇತಿಹಾಸ ಓದುವಾಗ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಸಂಗವೊಂದರಲ್ಲಿ ನನಗೆ ಅವರೇ ಕಂಡರು.

1904–05ರಲ್ಲಿ ಅಲ್ಲಿದ್ದ ಆರು ಮಂದಿ ಕಪ್ಪು ವಿದ್ಯಾರ್ಥಿಗಳು ಮರುವರ್ಷ ಹಿಂತಿರುಗಲಿಲ್ಲ. ಬಿಳಿಯ ಹುಡುಗರಿಗೆ 'ಫ್ರಟರ್ನಿಟಿ' ಎಂಬ ಸೋದರಸಂಘಗಳಿದ್ದವು. ಸಂಘದ ಮನೆಯಲ್ಲೇ ವಾಸ, ಊಟ, ಓದು. ಕಪ್ಪು ಹುಡುಗರಲ್ಲಿ ಕೆಲವರು ಅಂಥ ಮನೆಗಳಿಗೆ ಹೋಗುತ್ತಿದ್ದುದು ಕೆಲಸದಾಳುಗಳಾಗಿ. ಇಥಾಕಾ ಊರಿನ ನಾರ್ತ್ ಆಲ್ಬನಿ ಬೀದಿಯ 421ನೆಯ ಮನೆಯಲ್ಲಿ ಚಾರ್ಲ್ಸ್ ಪಾಯಿಂಡೆಕ್ಸ್‌ಟರ್ ಎಂಬವರಿದ್ದರು. ಹದಿನೈದು ದಿನಕ್ಕೊಮ್ಮೆ ಎಲ್ಲರೂ ಅಲ್ಲಿ ಕೂಡತೊಡಗಿದರು. ಅವರಿಗೆ ಬೇಕಾಗಿದ್ದುದು ಸಾಹಿತ್ಯಕೂಟ, ಬೇರೆ ಕೆಲವರಿಗೆ ಸೋದರಸಂಘ. ವಾದವಿವಾದ ನಡೆದು 1906ರ ಡಿಸೆಂಬರ್ 4ರಂದು 'ಆಲ್ಫಾ ಫೈ ಆಲ್ಫಾ' ಸ್ಥಾಪನೆಯಾಯಿತು. ಸ್ಥಾಪಕರೆಂದು ಏಳು ಹೆಸರುಗಳಿವೆ. ಮೊದಲು ಜಾಗ ಕೊಟ್ಟವರದು ಅದರಲ್ಲಿಲ್ಲ. ಇದು ನನಗೇಕೋ ಸರಿಕಾಣುವುದಿಲ್ಲ.

ಆ ಏಳು ಮಂದಿಯಲ್ಲಿ ವರ್ಟ್ನರ್ ಟ್ಯಾಂಡಿ ವಾಸ್ತುಶಿಲ್ಪಿಯಾದರು. 1918ರಲ್ಲಿ ಮುಗಿದ, ಉದ್ಯಮಿ ಮೇಡಂ ಸಿ.ಜೆ. ವಾಕರ್ ಅವರ ಬಂಗಲೆ 'ವಿಲ್ಲಾ ಲೆವಾರೊ' ಅವರದೇ ವಿನ್ಯಾಸ. 1952ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದೇ ಸಂಘದ ಸದಸ್ಯರಾದರು.

ನಮ್ಮ ಆ ಮೂವರಲ್ಲಿ ಒಬ್ಬ ಈಗ ಗಾರೆ ಮೇಸ್ತ್ರಿ. ಶಾಲೆಯ ಹಿಂಬದಿಯ ಎರಡು ಹೊಸ ಕೊಠಡಿಗಳ ಗೋಡೆ ಎಬ್ಬಿಸಿದವನು ಅವನೇ.