ಬೂದಿಯೊಳಗಿನ ಕೆಂಡ

ವಿಯಟ್ನಾಂ ಯುದ್ಧದಿಂದ ಮನೆಗೆ ಬಂದ ಸೈನಿಕ ಅಂದ್ರೆ ಲೋಕಕ್ಕೆ ನೆನಪಾಗೋದು ರ್‍ಯಾಂಬೋ. 1982ರ ಮೊದಲ ಚಿತ್ರದ ಕೊನೆಗೆ ಆತ ಮಗುವಿನಂತೆ ಅತ್ತಿದ್ದ. ಆ ಅಳು ಮಾರುಕಟ್ಟೆಗೆ ಬೇಕಾಗಲಿಲ್ಲ. 1985ರಲ್ಲಿ ಅವನ ಕೈಗೆ ಮತ್ತೆ ಬಂದೂಕು ಕೊಟ್ಟು ವಿಯಟ್ನಾಮಿಗೇ ಕಳಿಸಿದರು. ನೆಲದ ಮೇಲೆ ಸೋತ ಯುದ್ಧವನ್ನು ಬಂಡವಾಳಶಾಹಿ ತೆರೆಯ ಮೇಲೆ ಗೆದ್ದುಕೊಂಡಿತು.

ಕಾಸಿಲ್ಲದವರು ಮಾಡಿದ ಚಿತ್ರಗಳಿಗೆ ಈ ಹಂಗು ಇರಲಿಲ್ಲ. 1974ರ 'ಡೆತ್‌ಡ್ರೀಮ್' ನೋಡೋಕೆ ದೆವ್ವದ ಸಿನಿಮಾ. ಯುದ್ಧದಲ್ಲಿ ಸತ್ತ ಮಗ ತಾಯಿಯ ಹಂಬಲಕ್ಕೆ ಎದ್ದು ಮನೆಗೆ ಬರ್ತಾನೆ. ಮಾತಿಲ್ಲ, ಊಟವಿಲ್ಲ, ತೂಗುವ ಕುರ್ಚಿಯಲ್ಲಿ ಕೂತೇ ಇರ್ತಾನೆ. ಕೊಳೆಯದೆ ಉಳಿಯೋಕೆ ಅವನಿಗೆ ಊರವರ ರಕ್ತ ಬೇಕು. ಇಂಥ ಸೈನಿಕರ ಮನಸ್ಸಿನ ಗಾಯಕ್ಕೆ ಅಮೆರಿಕದ ಮನೋವೈದ್ಯರು ತಮ್ಮ ಗ್ರಂಥದಲ್ಲಿ ಹೆಸರು ಬರೆದುಕೊಂಡದ್ದು 1980ರಲ್ಲಿ! ಮುಂದೆ ಬಂದ 'ಕಾಂಬ್ಯಾಟ್ ಶಾಕ್' ಸುಮಾರು 40 ಸಾವಿರ ಡಾಲರಿನ ಚಿತ್ರ. ನಿರ್ದೇಶಕನ ಸಹೋದರನೇ ನಾಯಕ. ಕೆಲಸವಿಲ್ಲದೆ ಬೀದಿ ಅಲೆಯುವ ಆ ಸೈನಿಕ ಕೊನೆಗೆ ಹೆಂಡತಿ ಕೂಸನ್ನೂ ಕೊಂದು ತಾನೂ ಸಾಯ್ತಾನೆ.

ಆದರೆ ಯುದ್ಧಕ್ಕೆ ಕಳಿಸಿದ್ದು ಯಾರನ್ನ? ಈ ಎರಡೂ ಚಿತ್ರಗಳ ನಾಯಕರು ಬಿಳಿಯರು. 1966ರಲ್ಲಿ ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರ ಒಂದು ಯೋಜನೆ ತಂದರು: ಸೈನ್ಯದ ಪರೀಕ್ಷೆಯಲ್ಲಿ ನಪಾಸಾದ ಬಡ ಹುಡುಗರನ್ನೂ ಸೇರಿಸಿಕೊಳ್ಳೋದು. 1971ರ ಹೊತ್ತಿಗೆ ಹಾಗೆ ಸೇರಿದವರು 3 ಲಕ್ಷಕ್ಕೂ ಹೆಚ್ಚು. ಅವರಲ್ಲಿ ನೂರಕ್ಕೆ ಸುಮಾರು 40 ಮಂದಿ ಕಪ್ಪು ಜನ. ದೇಶದ ಜನಸಂಖ್ಯೆಯಲ್ಲಿ ಅವರು ನೂರಕ್ಕೆ ಸುಮಾರು 11. ಬಡತನದಿಂದ ಮೇಲೆತ್ತುತ್ತೇವೆ ಅಂದರು. ಎತ್ತಿ ವಿಯಟ್ನಾಮಿನ ಗದ್ದೆಗಿಳಿಸಿದರು.

ಈ ಲೆಕ್ಕವನ್ನು ಎದೆಯಲ್ಲಿಟ್ಟುಕೊಂಡು ಬಂದದ್ದು 'ಆ್ಯಶಸ್ ಅಂಡ್ ಎಂಬರ್ಸ್' – ಬೂದಿ ಮತ್ತು ಕೆಂಡ. ರ್‍ಯಾಂಬೋ ಬಂದ ವರ್ಷವೇ, 1982. ಮಾಡಿದವರು ಹೈಲೆ ಗೆರಿಮಾ, ಇಥಿಯೋಪಿಯಾದಿಂದ 1967ರಲ್ಲಿ ಅಮೆರಿಕಕ್ಕೆ ಓದಲು ಹೋಗಿ, ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದವರು. ಇಲ್ಲಿನ ಕಪ್ಪು ಸೈನಿಕ ಯುದ್ಧದಿಂದ ಬಂದು ವರ್ಷಗಳಾದರೂ ನೆಲೆ ನಿಂತಿಲ್ಲ. ಲಾಸ್ ಏಂಜಲೀಸಿನಲ್ಲಿ ಕಾರು ತಡೆದು ಬಂದೂಕು ತೋರಿಸೋರು ತನ್ನದೇ ದೇಶದ ಪೊಲೀಸರು. ದಕ್ಷಿಣದ ಹಳ್ಳಿಯಲ್ಲಿ ಅಜ್ಜಿ ಇದ್ದಾಳೆ. ಅವಳು ಹಿರೀಕರ ಕತೆ ಹೇಳ್ತಾಳೆ, ಇವನಿಗೆ ಕೇಳೋ ತಾಳ್ಮೆಯಿಲ್ಲ, ಸಿಡುಕ್ತಾನೆ, ಎದ್ದು ಹೋಗ್ತಾನೆ, ಮತ್ತೆ ಬರ್ತಾನೆ. ಡಾಕ್ಟರ ಗ್ರಂಥದಲ್ಲಿ ಗಾಯ ಶುರುವಾಗೋದು ರಣರಂಗದಲ್ಲಿ. ಗೆರಿಮಾ ಅದನ್ನು ಇನ್ನೂ ಹಿಂದಕ್ಕೆ, ಅಜ್ಜಿಯ ನೆನಪಿನಲ್ಲಿರೋ ಗುಲಾಮಗಿರಿಯವರೆಗೂ ಎಳೆದೊಯ್ಯುತ್ತಾರೆ.

1983ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಬಂತು. ಹಾಲಿವುಡ್ಡಿನ ಹಂಚಿಕೆದಾರರನ್ನು ನಂಬದೆ ಗೆರಿಮಾ ತಮ್ಮದೇ ಹಂಚಿಕೆ ಸಂಸ್ಥೆ ಕಟ್ಟಿದರು. 2016ರಲ್ಲಿ ಕಪ್ಪು ನಿರ್ದೇಶಕಿ ಏವಾ ಡುವರ್ನೇ ಅವರ ಸಂಸ್ಥೆ ಈ ಚಿತ್ರವನ್ನು ಮತ್ತೆ ಜನರ ಮುಂದಿಟ್ಟಿತು.