ಆದಿಕಾಲದ ವಿಲಾಸಿ ಮೋಟಾರು ಕಾರುಗಳ ಚಾಸಿ

ಎಂಜಿನ್ನು, ಗಿಯರ್ ಪೆಟ್ಟಿಗೆ, ಅಚ್ಚುಗಳು, ಕಮಾನುಪಟ್ಟಿಗಳು, ಬ್ರೇಕು ಇವೆಲ್ಲವನ್ನೂ ಧರಿಸಿ ನಿಲ್ಲುವ ಉಕ್ಕಿನ ಚೌಕಟ್ಟಿಗೆ, ಅದರ ಅಂಗೋಪಾಂಗಗಳು ಸಹಿತವಾಗಿ, ಚಾಸಿ ಎಂದು ಹೆಸರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೋಲ್ಸ್-ರಾಯ್ಸ್ ಕಂಪನಿಯು ಚಾಸಿಯನ್ನು ಮಾತ್ರ ಮಾರುತ್ತಿದ್ದು, ಮೇಲಣ ಮೈಕಟ್ಟನ್ನು ಸಾರೋಟು ನಿರ್ಮಾಪಕರು ಗ್ರಾಹಕರ ಅಭಿರುಚಿಗೆ ತಕ್ಕಂತೆ ಕಟ್ಟಿಕೊಡುತ್ತಿದ್ದರು. ಆದಕಾರಣ ಯಂತ್ರಶಿಲ್ಪಿಯ ನಿಜವಾದ ಸಾಧನೆಯನ್ನು ಅರಿಯಬೇಕೆನ್ನುವವರು ಮೆರುಗನ್ನೂ ಮಕಮಲ್ಲನ್ನೂ ಬಿಟ್ಟು ಅಡಿಭಾಗವನ್ನೇ ಪರಿಶೀಲಿಸಬೇಕು.

ಹೆನ್ರಿ ರಾಯ್ಸನು ರೂಪಿಸಿ, 1906ರಲ್ಲಿ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ ಜನರ ಮುಂದಿಟ್ಟ, ಅನಂತರ ಸಿಲ್ವರ್ ಘೋಸ್ಟ್ ಎಂದು ಪ್ರಖ್ಯಾತವಾದ 40/50 ಮಾದರಿಯು ಈ ವಿಷಯದಲ್ಲಿ ಮುಖ್ಯ ನಿದರ್ಶನ. 1908ರಲ್ಲಿ ಮುಂಬಯಿಗೆ ತಂದ ಅಂತಹ ಕಾರೊಂದು, ಕೊಲ್ಹಾಪುರದವರೆಗಿನ 620 ಮೈಲಿಗಳ ಪರೀಕ್ಷಾಸಂಚಾರದಲ್ಲಿ ಸಹ್ಯಾದ್ರಿಯ ಕಡಿದಾದ ಘಟ್ಟಗಳನ್ನೇರಿ ಪ್ರಥಮ ಬಹುಮಾನವನ್ನು ಗಳಿಸಿತು. ಗ್ವಾಲಿಯರಿನ ಮಹಾರಾಜರು ಅದನ್ನು ಕೊಂಡರು. ಮೈಸೂರಿನ ಅರಮನೆಯೂ ಈ ಕಂಪನಿಯ ಕಾರುಗಳನ್ನು ಏಳೇಳರಂತೆ ತರಿಸುತ್ತಿತ್ತೆಂಬ ಮಾತು ಪ್ರಚಲಿತವಾಗಿದೆ.

ಈ ಮಾದರಿಯ ಚಾಸಿಗೆ ಆದ ಸುಧಾರಣೆಗಳಲ್ಲಿ ಹಿಂಬದಿಯ ಕಮಾನುಪಟ್ಟಿಯದೇ ಅತ್ಯಂತ ಕುತೂಹಲಕರವಾದುದು. ಹಲವು ಬಗೆಯ ಜೋಡಣೆಗಳನ್ನು ಪ್ರಯೋಗಿಸಿದ ಮೇಲೆ, 1912ರ ಸುಮಾರಿಗೆ ರಾಯ್ಸನು ಪಟ್ಟಿಯ ನಡುಭಾಗವನ್ನು ಚೌಕಟ್ಟಿಗೆ ತಿರುಗಣೆಯಂತೆ ಬಿಗಿದು, ಮುಂತುದಿಯನ್ನು ಚೌಕಟ್ಟಿಗೂ ಹಿಂತುದಿಯನ್ನು ಅಚ್ಚಿಗೂ ಸೇರಿಸಿದನು. ಇದರಿಂದ ಪಟ್ಟಿಯ ಭಾರದ ಬಹುಪಾಲು ಚೌಕಟ್ಟಿನ ಮೇಲೆಯೇ ಬಿದ್ದು, ಚಕ್ರದೊಡನೆ ಏರಿಳಿಯುವ ತೂಕವು ಕಡಮೆಯಾಗಿ, ತಗ್ಗುದಿಣ್ಣೆಗಳ ಏಟು ಪ್ರಯಾಣಿಕರನ್ನು ಮುಟ್ಟುವುದು ವಿರಳವಾಯಿತು. ಎಂಜಿನ್ನಿನ ಬಲವನ್ನು ಹಿಂಚಕ್ರಗಳಿಗೆ ಒಯ್ಯುವ ಚಾಲಕದಂಡವನ್ನು ಒಳಗೊಂಡ ಉಕ್ಕಿನ ಕೊಳವೆಯು ಚಕ್ರಗಳ ತಿರುಚುಬಲವನ್ನು ತಾನೇ ಹೊತ್ತುದರಿಂದ ಕಮಾನುಪಟ್ಟಿಗೆ ಭಾರವನ್ನು ತಾಳುವ ಕಾರ್ಯವೊಂದೇ ಉಳಿಯಿತು. ಎಂಜಿನ್ನಿನ ನಿಶ್ಶಬ್ದತೆಗೆ ಸಂದ ಕೀರ್ತಿಯಲ್ಲಿ ಅರ್ಧಪಾಲಾದರೂ ಈ ಸರಳ ವಿವೇಕಕ್ಕೆ ಸಲ್ಲಬೇಕಾದುದು ನ್ಯಾಯ.

1912ರಲ್ಲಿ ಆಲ್ಪ್ಸ್ ಪರ್ವತಮಾರ್ಗಗಳಲ್ಲಿ ನಡೆದ ಕಾರುಗಳ ಪರೀಕ್ಷೆಯಲ್ಲಿ ಜೇಮ್ಸ್ ರ್‍ಯಾಡ್ಲಿ ಎಂಬಾತನ ಸಿಲ್ವರ್ ಘೋಸ್ಟ್ ಕಾರು ಕಾಟ್ಸ್‌ಬರ್ಗ್ ಕಣಿವೆಯ ಏರಿನಲ್ಲಿ ನಿಂತುಹೋಗಲು, ಮರುವರ್ಷವೇ ನಾಲ್ಕು ವೇಗಗಳ ಗಿಯರ್ ಪೆಟ್ಟಿಗೆ ಬಂದಿತು.

ಬ್ರೇಕು ಮಾತ್ರ ಬಹುಕಾಲ ಹಿಂದುಳಿಯಿತು. ಆರಂಭದಲ್ಲಿ ಕಾಲುಬ್ರೇಕು ಚಾಲಕದಂಡವನ್ನೇ ಹಿಡಿಯುತ್ತಿದ್ದು, 1913ರಲ್ಲಿ ಹಿಂಚಕ್ರಗಳಿಗೆ ಸ್ಥಳಾಂತರಗೊಂಡಿತು. ತಿರುಗುವ ಮುಂಚಕ್ರಗಳಿಗೆ ಬ್ರೇಕನ್ನು ಅಳವಡಿಸಿದರೆ ಎಡಬಲಗಳ ಹಿಡಿತದಲ್ಲಿ ವ್ಯತ್ಯಾಸವಾಗಿ ಕಾರು ಪಕ್ಕಕ್ಕೆ ಎಳೆಯುವುದೆಂಬ ಅಂಜಿಕೆ ಅಕಾರಣವಾದುದಲ್ಲ. ನಾಲ್ಕೂ ಚಕ್ರಗಳನ್ನು ಹಿಡಿಯಲು ಕಾಲ್ಬಲವೊಂದೇ ಸಾಲದಿರಲು, ಗಿಯರ್ ಪೆಟ್ಟಿಗೆಯಿಂದ ಚಲಿಸುವ ಘರ್ಷಣಸಾಧನದಿಂದ ಚಾಲಕನ ಕಾಲ್ಬಲವನ್ನು ವರ್ಧಿಸುವ ಉಪಾಯವನ್ನು 1919ರಲ್ಲಿ ಹಿಸ್ಪಾನೊ-ಸೂಯಿಜಾ ಎಚ್6 ಕಾರು ತೋರಿಸಿಕೊಟ್ಟಿತು. ಅದನ್ನು ರಾಯ್ಸನು ತನ್ನ ರೀತಿಯಲ್ಲಿ ಪರಿಷ್ಕರಿಸಿದ ಮೇಲೆಯೇ, 1924ರ ಸುಮಾರಿಗೆ, ಸಿಲ್ವರ್ ಘೋಸ್ಟಿನ ನಾಲ್ಕೂ ಚಕ್ರಗಳಿಗೆ ಬ್ರೇಕು ದೊರೆಯಿತು.

1925ರಲ್ಲಿ ಬಂದ ಫ್ಯಾಂಟಮ್ ಕಾರಿನಲ್ಲಿ ಎಂಜಿನ್ನು ಹೊಸದಾದರೂ ಚಾಸಿಯು ಬಹುಮಟ್ಟಿಗೆ ಹಳೆಯದೇ ಆಗಿತ್ತು. ಹಿಂಬದಿಯ ಆ ಕಮಾನುಪಟ್ಟಿಯ ಜೋಡಣೆಯನ್ನೂ ಉಕ್ಕಿನ ಕೊಳವೆಯನ್ನೂ ಕೈಬಿಟ್ಟುದು 1929ರ ಎರಡನೆಯ ಫ್ಯಾಂಟಮ್ ಮಾದರಿಯಲ್ಲಿ.